ದೇಶ ಸುತ್ತಿ, ಕೋಶ ಓದಿದವರು



"ದೇಶ ಸುತ್ತು, ಕೋಶ ಓದು" ಎಂಬ ಗಾದೆಯನ್ನು ನೀವು ಅಜ್ಜ-ಅಜ್ಜಿಯ ಬಾಯಲ್ಲಿ ಕೇಳಿರಬಹುದು. ತಿಳಿವಳಿಕೆ ಬೇಕಾದರೆ ಊರೂರು ತಿರುಗಬೇಕು, ಪುಸ್ತಕ ಓದಬೇಕು ಎಂದು ಅದರ ಅರ್ಥ. ಇಲ್ಲಿ ಕೋಶ ಎಂದರೆ ಗ್ರಂಥ. ಕನ್ನಡದಲ್ಲಿ ಆ ಪದಕ್ಕೆ ಇನ್ನೂ ಕೆಲವು ಅರ್ಥಗಳಿವೆ. ರಾಜನ ಬೊಕ್ಕಸವೂ ಕೋಶ, ಪದಗಳನ್ನು ಕೂಡಿಟ್ಟ ನಿಘಂಟೂ ಕೋಶ. ನೀವು ಶಾಲೆಯ ಬಯಾಲಜಿ ತರಗತಿಯಲ್ಲಿ 'ಸೆಲ್' ಎಂದು ಕಲಿಯುತ್ತೀರಲ್ಲ, ಅದು ಜೀವಕೋಶ. ಈ ತಿಂಗಳ ಲೇಖನ ಈ ಕೊನೆಯ ಕೋಶವನ್ನು ಓದಿದವರ ಬಗ್ಗೆ. ಅವರಲ್ಲಿ ಒಬ್ಬರು ಬೆಂಗಳೂರಿನ ಕನ್ನಡ ಲೇಖಕರು, ಒಬ್ಬರು ಶಿಕಾಗೋದ ಪ್ರಾಧ್ಯಾಪಕರು, ಇನ್ನೊಬ್ಬರು ಡೆಟ್ರಾಯಿಟ್ ಪಕ್ಕದ ಆನ್ ಆರ್ಬರ್‌ನಲ್ಲಿ ಹುಟ್ಟಿದವರು.

ಇಲ್ಲಿನ ಅನೇಕ ಶಾಲೆಗಳಲ್ಲಿ ಸೂಕ್ಷ್ಮದರ್ಶಕದ, ಅಂದರೆ ಮೈಕ್ರೋಸ್ಕೋಪಿನ, ಮೊದಲ ಪಾಠ ಇಂಗ್ಲಿಷಿನ ಸಣ್ಣ 'ಇ' ಅಕ್ಷರದಿಂದ ಶುರುವಾಗುತ್ತದೆ. ಪತ್ರಿಕೆಯಿಂದ ಆ ಅಕ್ಷರವನ್ನು ಕತ್ತರಿಸಿ, ಗಾಜಿನ ಸ್ಲೈಡಿನ ಮೇಲಿಟ್ಟು ನೋಡಿದರೆ ಅದು ತಲೆಕೆಳಗಾಗಿ, ಎಡ-ಬಲ ಅದಲುಬದಲಾಗಿ ಕಾಣುತ್ತದೆ. ಆಮೇಲೆ ಟೀಚರು "ಎಷ್ಟು ಪಟ್ಟು ದೊಡ್ಡದಾಯಿತು, ಲೆಕ್ಕ ಹಾಕಿ. ಕಂಡದ್ದನ್ನು ಪೆನ್ಸಿಲಿನಲ್ಲಿ ಬರೆಯಿರಿ" ಎನ್ನುತ್ತಾರೆ. ಫೋನಿನಲ್ಲಿ ಒಂದು ಫೋಟೋ ತೆಗೆದರೆ ಸಾಲದೇ, ಈ ಎಣಿಕೆ, ಈ ಚಿತ್ರ ಯಾಕೆ ಎಂದು ಹಲವು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆಯೇ. ಇದಕ್ಕೆ ಉತ್ತರ ಮುನ್ನೂರೈವತ್ತು ವರ್ಷಗಳ ಇತಿಹಾಸದಲ್ಲಿದೆ.

ಬೆಂಡಿನೊಳಗಿನ ಕೋಣೆಗಳು

1665ರಲ್ಲಿ ಲಂಡನ್ನಿನಲ್ಲಿ 'ಮೈಕ್ರೋಗ್ರಾಫಿಯಾ' ಎಂಬ ದೊಡ್ಡ ಪುಸ್ತಕ ಹೊರಬಂತು. ಬರೆದವರು ರಾಬರ್ಟ್ ಹುಕ್. ಚಿಗಟ, ನೊಣದ ಕಣ್ಣು, ಸೂಜಿಯ ಮೊನೆ, ಬೂಷ್ಟು ಎಲ್ಲವನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಅವರು ಚಿತ್ರ ಬರೆದಿದ್ದರು. ಅದರಲ್ಲಿದ್ದ ಚಿಗಟದ ಚಿತ್ರ ಎಷ್ಟು ದೊಡ್ಡದೆಂದರೆ ಮಡಿಚಿಟ್ಟ ಹಾಳೆಯನ್ನು ಬಿಡಿಸಿ ನೋಡಬೇಕಿತ್ತು.

ಬಾಟಲಿಯ ಬಾಯಿಗೆ ಬಿರಡೆಯಾಗಿ ಹಾಕುವ ಬೆಂಡನ್ನು, ಅಂದರೆ ಕಾರ್ಕನ್ನು, ಹುಕ್ ಹರಿತವಾದ ಚಾಕುವಿನಿಂದ ಬಹಳ ತೆಳ್ಳಗೆ ಹೆರೆದು ನೋಡಿದರು. ಜೇನುಗೂಡಿನಂತೆ ಪುಟ್ಟ ಪುಟ್ಟ ಕೋಣೆಗಳು ಕಂಡವು. ಅವಕ್ಕೆ ಅವರು 'ಸೆಲ್' ಎಂದರು. ಇಂಗ್ಲಿಷಿನಲ್ಲಿ ಆ ಪದಕ್ಕೆ ಸಣ್ಣ ಕೋಣೆ ಎಂದು ಅರ್ಥ, ಮಠದಲ್ಲಿ ಸನ್ಯಾಸಿಗಳು ಇರುವಂಥದ್ದು.

ಹುಕ್ ಅಷ್ಟಕ್ಕೇ ನಿಲ್ಲಿಸಲಿಲ್ಲ, ಕೋಣೆಗಳನ್ನು ಎಣಿಸಿದರು. ಒಂದು ಇಂಚಿನ ಹದಿನೆಂಟನೇ ಒಂದು ಭಾಗದಲ್ಲಿ ಸುಮಾರು 60 ಕೋಣೆಗಳಿದ್ದವು. ಹಾಗಾದರೆ ಒಂದು ಇಂಚಿಗೆ 60 × 18 = 1,080. ಒಂದು ಚದರ ಇಂಚಿಗೆ 1,080 × 1,080 = 11,66,400. ಒಂದು ಘನ ಇಂಚಿಗೆ ಇನ್ನೊಮ್ಮೆ 1,080ರಿಂದ ಗುಣಿಸಿದರೆ 125 ಕೋಟಿಗೂ ಹೆಚ್ಚು! ಐದನೇ ತರಗತಿಯ ಮಕ್ಕಳೂ ಈ ಲೆಕ್ಕವನ್ನು ಪರೀಕ್ಷಿಸಬಹುದು. ಒಂದು ಇಂಚು ಎಂದರೆ 25.4 ಮಿಲಿಮೀಟರ್. ಅದನ್ನು 1,080ರಿಂದ ಭಾಗಿಸಿದರೆ ಒಂದೊಂದು ಕೋಶದ ಅಗಲ ಸುಮಾರು 0.024 ಮಿಲಿಮೀಟರ್, ಅಂದರೆ 24 ಮೈಕ್ರೋಮೀಟರ್. ಇಂದಿನ ಪುಸ್ತಕಗಳು ಹೇಳುವ ಬೆಂಡಿನ ಕೋಶದ ಅಳತೆಗೂ ಇದಕ್ಕೂ ಹೆಚ್ಚು ದೂರವಿಲ್ಲ.

ನಿಮ್ಮ ಟೀಚರು ಎಣಿಸಿ ಎನ್ನುವುದು ಇದಕ್ಕೇ. 'ತುಂಬಾ ಚಿಕ್ಕದು' ಎಂದರೆ ಅದು ಒಬ್ಬರ ಅನಿಸಿಕೆ. 'ಇಂಚಿಗೆ 1,080' ಎಂದರೆ ಬೇರೆಯವರೂ ಪರೀಕ್ಷಿಸಿ ನೋಡಬಹುದಾದ ಮಾತು.

ಕಾಳುಮೆಣಸಿನ ನೀರು

ಅದೇ ಕಾಲದಲ್ಲಿ ಹಾಲೆಂಡಿನ ಡೆಲ್ಫ್ಟ್ ಎಂಬ ಊರಿನಲ್ಲಿ ಆಂಟೋನಿ ವಾನ್ ಲೇವೆನ್‌ಹುಕ್ ಎಂಬ ಬಟ್ಟೆ ವ್ಯಾಪಾರಿ ಇದ್ದರು. ಬಟ್ಟೆಯ ನೂಲನ್ನು ಪರೀಕ್ಷಿಸಲು ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಲೇವೆನ್‌ಹುಕ್ ತಾವೇ ಗಾಜಿನ ಸಣ್ಣ ಮಸೂರಗಳನ್ನು, ಅಂದರೆ ಲೆನ್ಸುಗಳನ್ನು, ತಯಾರಿಸತೊಡಗಿದರು. ಹುಕ್ ಅವರದು ಒಂದಕ್ಕಿಂತ ಹೆಚ್ಚು ಮಸೂರಗಳಿದ್ದ ಉಪಕರಣ. ಲೇವೆನ್‌ಹುಕ್ ಅವರದು ಒಂದೇ ಒಂದು ಮಸೂರ, ಅದೂ ಮಣಿಯಷ್ಟು ಚಿಕ್ಕದು. ಆದರೂ ಇಂದಿಗೆ ಉಳಿದಿರುವ ಅವರ ಉಪಕರಣಗಳಲ್ಲಿ ಅತ್ಯುತ್ತಮವಾದದ್ದು 250 ಪಟ್ಟಿಗೂ ಹೆಚ್ಚು ದೊಡ್ಡದು ಮಾಡಿ ತೋರಿಸುತ್ತದೆ.

ಕಾಳುಮೆಣಸು ಯಾಕೆ ಖಾರ ಎಂಬ ಪ್ರಶ್ನೆ ಅವರನ್ನು ಕಾಡಿತು. ಈ ಬಳ್ಳಿಯ ತವರು ನಮ್ಮ ಪಶ್ಚಿಮ ಘಟ್ಟ. ಆಗ ಡಚ್ಚರ ಹಡಗುಗಳು ಮೆಣಸನ್ನು ಯುರೋಪಿಗೆ ಸಾಗಿಸುತ್ತಿದ್ದವು. ಕಾಳಿನಲ್ಲಿ ನಾಲಿಗೆಗೆ ಚುಚ್ಚುವ ಮುಳ್ಳುಗಳಿರಬಹುದೇ ಎಂದು ಅವರ ಊಹೆ. ನೋಡೋಣವೆಂದು 1676ರಲ್ಲಿ ಮೆಣಸನ್ನು ನೀರಿನಲ್ಲಿ ನೆನೆಹಾಕಿದರು. ಕೆಲವು ವಾರಗಳ ನಂತರ ಆ ನೀರಿನ ಹನಿಯನ್ನು ನೋಡಿದರೆ ಮುಳ್ಳು ಕಾಣಲಿಲ್ಲ. ಬದಲಿಗೆ ಓಡಾಡುವ ಅತಿ ಸಣ್ಣ ಜೀವಿಗಳು ಕಂಡವು. ಅವುಗಳಲ್ಲಿ ಕೆಲವು ನಾವು ಇಂದು ಬ್ಯಾಕ್ಟೀರಿಯಾ ಎನ್ನುವವು.

ಅವರು ಇದನ್ನು ಲಂಡನ್ನಿನ ರಾಯಲ್ ಸೊಸೈಟಿಗೆ ಉದ್ದನೆಯ ಪತ್ರದಲ್ಲಿ ಬರೆದರು. ಅಲ್ಲಿನ ವಿದ್ವಾಂಸರು ಒಮ್ಮೆಗೇ ನಂಬಲಿಲ್ಲ. ಒಂದು ಹನಿ ನೀರಿನಲ್ಲಿ ಸಾವಿರಾರು ಪ್ರಾಣಿಗಳು ಎಂದರೆ ಯಾರು ತಾನೇ ನಂಬಿಯಾರು? ಲೇವೆನ್‌ಹುಕ್ ತಮ್ಮ ಊರಿನ ಗಣ್ಯರಿಗೆ ಹನಿಯನ್ನು ತೋರಿಸಿ, ಅವರಿಂದ ಸಾಕ್ಷಿಪತ್ರ ಬರೆಸಿ ಕಳಿಸಿದರು. ಕೊನೆಗೆ ಪರೀಕ್ಷೆ ಮಾಡುವ ಕೆಲಸ ನಮ್ಮ ರಾಬರ್ಟ್ ಹುಕ್ ಅವರ ಪಾಲಿಗೆ ಬಂತು. 1677ರ ನವೆಂಬರ್‌ನಲ್ಲಿ ಅವರೂ ಮೆಣಸಿನ ನೀರು ತಯಾರಿಸಿ, ಅವೇ ಜೀವಿಗಳನ್ನು ಸೊಸೈಟಿಯ ಸದಸ್ಯರಿಗೆ ತೋರಿಸಿದರು. 1680ರಲ್ಲಿ ಲೇವೆನ್‌ಹುಕ್ ಆ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು.

ಕನ್ನಡ ಶಾಲೆಯ ನಾವು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ಆ ಕಾಲದ ಪಂಡಿತರ ಭಾಷೆ ಲ್ಯಾಟಿನ್. ಲೇವೆನ್‌ಹುಕ್ ಅವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ, ಇಂಗ್ಲಿಷೂ ಬರುತ್ತಿರಲಿಲ್ಲ. ಐವತ್ತು ವರ್ಷಗಳ ಕಾಲ ಅವರು ಬರೆದ ಪತ್ರಗಳೆಲ್ಲ ತಮ್ಮ ಮನೆಮಾತಾದ ಡಚ್ಚಿನಲ್ಲಿ. ಲಂಡನ್ನಿನವರು ಅನುವಾದ ಮಾಡಿಸಿಕೊಂಡು ಓದಿದರು!

ದೊಡ್ಡದು ಮಾಡುವುದು ಬೇರೆ, ಬಿಡಿಸಿ ತೋರಿಸುವುದು ಬೇರೆ

ನಿಮ್ಮ ಶಾಲೆಯ ಸೂಕ್ಷ್ಮದರ್ಶಕದಲ್ಲಿ ಕಣ್ಣಿಡುವ ಕಡೆ ಒಂದು ಮಸೂರವಿದೆ. ಅದು ಸಾಮಾನ್ಯವಾಗಿ 10 ಪಟ್ಟಿನದು. ಕೆಳಗೆ ತಿರುಗುವ ಚಕ್ರದಲ್ಲಿ 4, 10, 40 ಪಟ್ಟಿನ ಮಸೂರಗಳಿರುತ್ತವೆ. ಎರಡನ್ನೂ ಗುಣಿಸಿದರೆ ಒಟ್ಟು ವರ್ಧನೆ ಸಿಗುತ್ತದೆ: 40, 100, 400 ಪಟ್ಟು. ವರ್ಧನೆ ಹೆಚ್ಚಿದಂತೆ ಕಾಣುವ ಜಾಗ ಕಿರಿದಾಗುತ್ತದೆ, ಬೆಳಕೂ ಕಡಿಮೆಯಾಗುತ್ತದೆ. ಅದಕ್ಕೇ ಮೊದಲು 4ರ ಮಸೂರದಲ್ಲಿ ಹುಡುಕಿ, ನಂತರ 40ಕ್ಕೆ ಹೋಗಿ ಎಂದು ಹೇಳುವುದು.

ಹಾಗಾದರೆ ಇನ್ನಷ್ಟು ಮಸೂರಗಳನ್ನು ಸೇರಿಸಿ ಹತ್ತು ಸಾವಿರ, ಲಕ್ಷ ಪಟ್ಟು ಮಾಡಬಹುದಲ್ಲ? ಮಾಡಬಹುದು, ಆದರೆ ಪ್ರಯೋಜನವಿಲ್ಲ. ಫೋನಿನಲ್ಲಿ ಒಂದು ಫೋಟೋವನ್ನು ಬೆರಳಿನಿಂದ ಹಿಗ್ಗಿಸುತ್ತಾ ಹೋಗಿ. ಸ್ವಲ್ಪ ಹೊತ್ತಿಗೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ, ಎಲ್ಲ ಮಸಕು ಮಸಕು. ಹತ್ತಿರ ಹತ್ತಿರ ಇರುವ ಎರಡು ಚುಕ್ಕೆಗಳನ್ನು ಎರಡಾಗಿ ಬಿಡಿಸಿ ತೋರಿಸುವ ಶಕ್ತಿ ಬೇರೆಯೇ. ಅದಕ್ಕೆ ಇಂಗ್ಲಿಷಿನಲ್ಲಿ ರೆಸಲ್ಯೂಷನ್ ಎನ್ನುತ್ತಾರೆ.

1873ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಅಬ್ಬೆ ಈ ಶಕ್ತಿಗೆ ಒಂದು ಮಿತಿಯಿದೆ ಎಂದು ತೋರಿಸಿದರು. ಬೆಳಕು ಅಲೆಯಂತೆ ಸಾಗುತ್ತದೆ. ಆ ಅಲೆಯ ಉದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಚುಕ್ಕೆಗಳು ಎಂಥ ಒಳ್ಳೆಯ ಮಸೂರದಲ್ಲೂ ಒಂದಾಗಿಯೇ ಕಾಣುತ್ತವೆ. ಆ ಮಿತಿ ಸುಮಾರು 0.2 ಮೈಕ್ರೋಮೀಟರ್, ಅಂದರೆ 200 ನ್ಯಾನೋಮೀಟರ್. ಮುಂದಿನ ನೂರು ವರ್ಷಗಳ ಸೂಕ್ಷ್ಮದರ್ಶಕದ ಕತೆಯೆಲ್ಲ ಈ ಗೋಡೆಯ ಸುತ್ತ ನಡೆಯಿತು.

ಬೆಂಗಳೂರಿನಿಂದ ಹಾರ್ವರ್ಡಿಗೆ

ಈ ಗೋಡೆಯ ಪಕ್ಕಕ್ಕೆ ಬಂದು ನಿಂತ ಕನ್ನಡಿಗರೊಬ್ಬರು ಬಿ.ಜಿ.ಎಲ್. ಸ್ವಾಮಿ. 1918ರಲ್ಲಿ ಹುಟ್ಟಿದ ಇವರು 'ಮಂಕುತಿಮ್ಮನ ಕಗ್ಗ' ಬರೆದ ಡಿ.ವಿ. ಗುಂಡಪ್ಪನವರ ಮಗ. ನಮ್ಮಲ್ಲಿ ಹಲವರಿಗೆ ಅವರು 'ಹಸಿರು ಹೊನ್ನು', 'ಕಾಲೇಜು ರಂಗ' ಪುಸ್ತಕಗಳ ಹಾಸ್ಯಗಾರ. ಆದರೆ ವೃತ್ತಿಯಲ್ಲಿ ಅವರು ಸಸ್ಯಶಾಸ್ತ್ರಜ್ಞರು. ಗಿಡಗಳ ಒಳರಚನೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದೇ ಅವರ ಕೆಲಸ.

ಈ ಕೆಲಸಕ್ಕೆ ತಾಳ್ಮೆ ಬೇಕು. ಕಟ್ಟಿಗೆಯ ಅಥವಾ ಮೊಗ್ಗಿನ ಒಂದು ಚೂರನ್ನು ಬೆಳಕು ಹಾಯುವಷ್ಟು ತೆಳ್ಳಗೆ ಸೀಳಬೇಕು. ಬಣ್ಣ ಹಾಕಬೇಕು, ಇಲ್ಲದಿದ್ದರೆ ಕೋಶದ ಗೋಡೆಗಳು ಎದ್ದು ಕಾಣವು. ಒಂದು ಸೀಳು ಸಾಲದು, ಸಾಲಾಗಿ ಹತ್ತಾರು ಸೀಳುಗಳನ್ನು ನೋಡಿ, ಮನಸ್ಸಿನಲ್ಲೇ ಜೋಡಿಸಿ, ಚಿತ್ರ ಬರೆಯಬೇಕು.

1940ರ ದಶಕದ ಕೊನೆಗೆ ಸ್ವಾಮಿಯವರು ಅಮೆರಿಕಕ್ಕೆ ಬಂದು ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಪ್ರಸಿದ್ಧ ವಿಜ್ಞಾನಿಯ ಜೊತೆ ಕೆಲಸ ಮಾಡಿದರು. ಬೈಲಿಯವರಿಗೆ ಒಂದು ಪ್ರಶ್ನೆ ಇತ್ತು. ಹೂಬಿಡುವ ಹೆಚ್ಚಿನ ಗಿಡಗಳ ಕಟ್ಟಿಗೆಯಲ್ಲಿ ನೀರು ಹರಿಯಲು ಉದ್ದನೆಯ ನಾಳಗಳಿವೆ. ಕೋಶಗಳು ಒಂದರ ತುದಿಗೆ ಒಂದು ಸೇರಿ, ನಡುವಿನ ಗೋಡೆ ತೆರೆದುಕೊಂಡು, ಪೈಪಿನಂತೆ ಆಗಿರುತ್ತವೆ. ಪೈನ್ ಮರಗಳಲ್ಲಿ ಇಂಥ ನಾಳಗಳಿಲ್ಲ. ಹೂಗಿಡಗಳಲ್ಲೂ ನಾಳವಿಲ್ಲದವು ಕೆಲವು ಇವೆ. ಹೂಗಿಡಗಳು ಹೇಗೆ ಹುಟ್ಟಿಬಂದವು ಎಂಬುದಕ್ಕೆ ಅವು ಸುಳಿವು ಕೊಡಬಹುದೇ?

1950ರಲ್ಲಿ ಸ್ವಾಮಿ ಮತ್ತು ಬೈಲಿ ಒಂದು ಪ್ರಬಂಧ ಪ್ರಕಟಿಸಿದರು. ಸಾರ್ಕಾಂಡ್ರ ಎಂಬ ಏಷ್ಯಾದ ಹೂಗಿಡದ ಕಟ್ಟಿಗೆಯಲ್ಲಿ ನಾಳಗಳಿಲ್ಲ ಎಂಬುದು ಅದರ ತಿರುಳು. ನಾಳವಿಲ್ಲದ ಹೂಗಿಡಗಳ ಚಿಕ್ಕ ಪಟ್ಟಿಗೆ ಹೊಸ ಹೆಸರು ಸೇರಿತು. ಸಾರ್ಕಾಂಡ್ರದ ಒಂದು ಜಾತಿಗೆ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟರು: ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ.

ಕತೆ ಇಲ್ಲಿಗೆ ಮುಗಿಯುವುದಿಲ್ಲ. ಕೋಶದ ತುದಿಯಲ್ಲಿ ನಿಜವಾಗಿ ತೂತು ಇದೆಯೇ, ಅಥವಾ ಅತಿ ತೆಳುವಾದ ಪೊರೆಯೊಂದು ಅದನ್ನು ಮುಚ್ಚಿದೆಯೇ? ಆ ಪೊರೆ ಅಬ್ಬೆ ಹೇಳಿದ ಗೋಡೆಯ ಆಚೆಗಿನ ವಸ್ತು. 400 ಪಟ್ಟಿರಲಿ, 1,000 ಪಟ್ಟಿರಲಿ, ಬೆಳಕಿನ ಸೂಕ್ಷ್ಮದರ್ಶಕದಲ್ಲಿ ಅದನ್ನು ಖಚಿತವಾಗಿ ತೀರ್ಮಾನಿಸುವುದು ಕಷ್ಟ. 1987ರಲ್ಲಿ ಅಮೆರಿಕದ ಸಸ್ಯಶಾಸ್ತ್ರಜ್ಞ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಸಾರ್ಕಾಂಡ್ರದ ಬೇರನ್ನು ನೋಡಿದರು. ಅಲ್ಲಿ ಪೊರೆಯಿಲ್ಲದ ತೂತುಗಳು, ಅಂದರೆ ನಾಳಗಳು, ಇದ್ದವು. ಮೂವತ್ತೇಳು ವರ್ಷ ಪುಸ್ತಕಗಳಲ್ಲಿದ್ದ ಮಾತನ್ನು ತಿದ್ದಬೇಕಾಯಿತು.

ಆಗ ಸ್ವಾಮಿಯವರು ಇರಲಿಲ್ಲ, 1980ರಲ್ಲೇ ತೀರಿಕೊಂಡಿದ್ದರು. ಹಾಗಾದರೆ ಅವರ ಕೆಲಸ ವ್ಯರ್ಥವೇ? ಅಲ್ಲ. ಯಾವ ಗಿಡ, ಯಾವ ಭಾಗ, ಏನು ಕಂಡಿತು ಎಂದು ಅವರು ಸ್ಪಷ್ಟವಾಗಿ ಬರೆದಿಟ್ಟಿದ್ದರಿಂದಲೇ ಇನ್ನೊಬ್ಬರು ಅದೇ ಪ್ರಶ್ನೆಯನ್ನು ಇನ್ನೂ ಒಳ್ಳೆಯ ಉಪಕರಣದೊಂದಿಗೆ ಕೇಳಲು ಸಾಧ್ಯವಾಯಿತು. ಹುಕ್ ಅವರ ಎಣಿಕೆ, ಲೇವೆನ್‌ಹುಕ್ ಅವರ ಸಾಕ್ಷಿಪತ್ರ, ಸ್ವಾಮಿಯವರ ಪ್ರಬಂಧ ಮೂರೂ ಹೇಳುವುದು ಒಂದೇ: "ನನಗೆ ಹೀಗೆ ಕಂಡಿತು, ನೀವೂ ನೋಡಿ."

ಭಾರತಕ್ಕೆ ಮರಳಿದ ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಿನ್ಸಿಪಾಲರಾಗಿ ಕೆಲಸ ಮಾಡಿದರು. ಪ್ರಬಂಧಗಳನ್ನು ಇಂಗ್ಲಿಷಿನಲ್ಲಿ ಬರೆದರು, ಕಾಡಿನ ಗಿಡಗಳ ಕತೆಯನ್ನು ಕನ್ನಡದಲ್ಲಿ ಬರೆದರು. ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ ಕತೆಯಾದ 'ಹಸಿರು ಹೊನ್ನು' 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅದರಲ್ಲಿರುವ ಗಿಡಗಳ ಚಿತ್ರಗಳೂ ಅವರವೇ. ದೇಶ ಸುತ್ತಿ, ಎರಡು ಬಗೆಯ ಕೋಶಗಳನ್ನೂ ಓದಿದವರು ಅವರು.

ಶಿಕಾಗೋದಲ್ಲಿ ಕಂಡ ಪರಮಾಣು

ಬೆಳಕಿನ ಗೋಡೆಯನ್ನು ದಾಟಲು ಒಂದು ದಾರಿ, ಬೆಳಕನ್ನೇ ಬಿಡುವುದು! ಎಲೆಕ್ಟ್ರಾನುಗಳೂ ಅಲೆಯಂತೆ ಸಾಗುತ್ತವೆ, ಅವುಗಳ ಅಲೆ ಬೆಳಕಿನ ಅಲೆಗಿಂತ ಸಾವಿರಾರು ಪಟ್ಟು ಚಿಕ್ಕದು. 1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್‌ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಮೊದಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ತಯಾರಿಸಿದರು. ಇದರಲ್ಲಿ ಗಾಜಿನ ಮಸೂರದ ಜಾಗದಲ್ಲಿ ಕಾಂತಕ್ಷೇತ್ರವಿರುತ್ತದೆ.

ನೇಪರ್ವಿಲ್, ಅರೋರಾ ಕಡೆಯ ಮಕ್ಕಳಿಗೆ ಆರ್ಗಾನ್ ರಾಷ್ಟ್ರೀಯ ಪ್ರಯೋಗಾಲಯದ ಹೆಸರು ಗೊತ್ತಿರುತ್ತದೆ. 1961ರಲ್ಲಿ ಅದರ ನಿರ್ದೇಶಕರಾದವರು ಆಲ್ಬರ್ಟ್ ಕ್ರೂ, ಆಗ ಅವರ ವಯಸ್ಸು 34. ಅವರೂ ವಲಸೆ ಬಂದವರೇ. ಇಂಗ್ಲೆಂಡಿನ ಬ್ರ್ಯಾಡ್‌ಫರ್ಡಿನಲ್ಲಿ ಹುಟ್ಟಿ, 1955ರಲ್ಲಿ ಶಿಕಾಗೋ ವಿಶ್ವವಿದ್ಯಾಲಯಕ್ಕೆ ಬಂದಿದ್ದರು. ಅವರು ಓದಿದ್ದು ಭೌತಶಾಸ್ತ್ರ, ಜೀವಶಾಸ್ತ್ರವಲ್ಲ.

ಹಳೆಯ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಲ್ಲಿ ಕಾದ ತಂತಿಯಿಂದ ಎಲೆಕ್ಟ್ರಾನುಗಳು ಹೊರಡುತ್ತಿದ್ದವು. ಕ್ರೂ ಅದರ ಬದಲು ಬಹಳ ಚೂಪಾದ ಟಂಗ್‌ಸ್ಟನ್ ಮೊನೆಯಿಂದ, ಪ್ರಬಲ ವಿದ್ಯುತ್ ಕ್ಷೇತ್ರದ ಸಹಾಯದಿಂದ, ಎಲೆಕ್ಟ್ರಾನುಗಳನ್ನು ಎಳೆದು ತೆಗೆದರು. ಹೀಗೆ ಸಿಕ್ಕ ಸಣ್ಣ, ಪ್ರಖರವಾದ ಕಿರಣವನ್ನು ವಸ್ತುವಿನ ಮೇಲೆ ಸಾಲು ಸಾಲಾಗಿ ಹಾಯಿಸಿದರು, ನಾವು ಪುಟವನ್ನು ಸಾಲು ಸಾಲಾಗಿ ಓದುವ ಹಾಗೆ.

1970ರಲ್ಲಿ ಕ್ರೂ ಮತ್ತು ಅವರ ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಚಿತ್ರಗಳನ್ನು ಪ್ರಕಟಿಸಿದರು. ತೆಳುವಾದ ಇಂಗಾಲದ ಪೊರೆಯ ಮೇಲೆ ಬಿಳಿ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಥೋರಿಯಂ ಅಥವಾ ಯುರೇನಿಯಂನ ಒಂದೊಂದು ಪರಮಾಣು! ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಬಿಡಿ ಪರಮಾಣು ಕಂಡದ್ದು ಅದೇ ಮೊದಲು. ಭಾರವಾದ ಪರಮಾಣುಗಳು ಎಲೆಕ್ಟ್ರಾನುಗಳನ್ನು ಹೆಚ್ಚಾಗಿ ಚದುರಿಸುವುದರಿಂದ ಅವು ಎದ್ದು ಕಾಣುತ್ತವೆ, ಅದಕ್ಕೇ ಆ ಆಯ್ಕೆ. ಹುಕ್ ಎಣಿಸಿದ ಒಂದು ಬೆಂಡಿನ ಕೋಶದ ಅಗಲಕ್ಕೆ ಇಂಥ ಸುಮಾರು 70 ಸಾವಿರ ಪರಮಾಣುಗಳನ್ನು ಸಾಲಾಗಿ ಜೋಡಿಸಬಹುದು.

ಆನ್ ಆರ್ಬರ್‌ನ ಹುಡುಗ

ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಂದು ಕೊರತೆಯಿದೆ. ಒಳಗೆ ಗಾಳಿಯಿರಬಾರದು. ಹಾಗಾಗಿ ಜೀವಂತ ಕೋಶವನ್ನು ನೋಡಬೇಕೆಂದರೆ ಬೆಳಕೇ ಬೇಕು, ಬೆಳಕಿಗೆ ಅಬ್ಬೆಯ ಗೋಡೆ ಅಡ್ಡ.

ಎರಿಕ್ ಬೆಟ್ಜಿಗ್ ಹುಟ್ಟಿದ್ದು 1960ರಲ್ಲಿ, ಆನ್ ಆರ್ಬರ್‌ನಲ್ಲಿ. ದೊಡ್ಡ ಪ್ರಯೋಗಾಲಯವೊಂದರಲ್ಲಿ ಈ ಗೋಡೆಯನ್ನು ದಾಟುವ ಕೆಲಸ ಮಾಡುತ್ತಿದ್ದ ಅವರು ಬೇಸತ್ತು ಅದನ್ನು ಬಿಟ್ಟರು. 1995ರಲ್ಲಿ ತಮ್ಮ ತಲೆಗೆ ಹೊಳೆದ ಒಂದು ಉಪಾಯವನ್ನು ಸಣ್ಣ ಪ್ರಬಂಧವಾಗಿ ಬರೆದು, ಮಿಶಿಗನ್‌ಗೆ ಮರಳಿ ಕೆಲವು ವರ್ಷ ತಂದೆಯ ಯಂತ್ರೋಪಕರಣ ಕಂಪನಿಯಲ್ಲಿ ದುಡಿದರು. ಡೆಟ್ರಾಯಿಟ್ ಎಂದರೆ ಕಾರಿನ ಊರು, ಅದೂ ಆ ಉದ್ಯಮಕ್ಕೆ ಬೇಕಾದ ಯಂತ್ರಗಳ ಕೆಲಸವೇ. ಅಲ್ಲಿ ಅವರು ರೂಪಿಸಿದ ಹೊಸ ಯಂತ್ರ ವ್ಯಾಪಾರದಲ್ಲಿ ಗೆಲ್ಲಲಿಲ್ಲ. ನಲವತ್ತು ದಾಟಿದ ವಯಸ್ಸಿನಲ್ಲಿ ಕೈಯಲ್ಲಿ ಕೆಲಸವಿಲ್ಲದೆ ನಿಂತರು.

ಆ ಹೊತ್ತಿಗೆ ಜೀವಶಾಸ್ತ್ರ ಬದಲಾಗಿತ್ತು. ಜೆಲ್ಲಿಮೀನಿನಲ್ಲಿರುವ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಬೇರೆ ಜೀವಿಗಳಲ್ಲೂ ಹೊಳೆಯಿಸಬಹುದು ಎಂದು 1994ರಲ್ಲಿ ಮಾರ್ಟಿನ್ ಚಾಲ್ಫಿ ತೋರಿಸಿದ್ದರು. ಅವರೂ ಶಿಕಾಗೋದಲ್ಲಿ ಹುಟ್ಟಿದವರೇ. ಮುಂದೆ ಬೇಕೆಂದಾಗ ಬೆಳಕು ಹಾಯಿಸಿ ಹೊತ್ತಿಸಬಹುದಾದ ಪ್ರೋಟೀನುಗಳೂ ಬಂದವು. ಬೆಟ್ಜಿಗ್ ಅವರಿಗೆ ತಮ್ಮ ಹಳೆಯ ಉಪಾಯ ನೆನಪಾಯಿತು.

ಅದನ್ನು ಹೀಗೆ ಊಹಿಸಿಕೊಳ್ಳಿ. ದಸರಾ ರಾತ್ರಿ ದೂರದಿಂದ ಮೈಸೂರು ಅರಮನೆಯನ್ನು ನೋಡುತ್ತಿದ್ದೀರಿ. ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿದರೆ ಕಾಣುವುದು ಒಂದು ಬೆಳಕಿನ ರಾಶಿ. ಆದರೆ ಒಂದು ಸಲಕ್ಕೆ ಬೆರಳೆಣಿಕೆಯಷ್ಟು ಬಲ್ಬುಗಳು ಮಾತ್ರ, ಒಂದರಿಂದ ಒಂದು ದೂರದಲ್ಲಿ, ಹೊತ್ತಿದರೆ? ಪ್ರತಿಯೊಂದರ ನಡುಬಿಂದುವನ್ನು ಕಾಗದದ ಮೇಲೆ ಗುರುತು ಮಾಡಬಹುದು. ಅವು ಆರಿದ ಮೇಲೆ ಇನ್ನು ಕೆಲವು, ಆಮೇಲೆ ಇನ್ನು ಕೆಲವು. ಹೀಗೆ ಸಾವಿರಾರು ಸಲ ಮಾಡಿ ಎಲ್ಲ ಗುರುತುಗಳನ್ನೂ ಸೇರಿಸಿದರೆ ಅರಮನೆಯ ಪ್ರತಿ ಕಮಾನೂ ಸ್ಪಷ್ಟವಾಗಿ ಮೂಡುತ್ತದೆ.

ಬೆಟ್ಜಿಗ್ ಮತ್ತು ಗೆಳೆಯ ಹರಾಲ್ಡ್ ಹೆಸ್ ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿದ್ದ ಹೆಸ್ ಅವರ ಮನೆಯ ಹಾಲಿನಲ್ಲಿ ಇಂಥ ಸೂಕ್ಷ್ಮದರ್ಶಕವನ್ನು ಜೋಡಿಸಿದರು. 2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಅಬ್ಬೆಯ ಮಿತಿಯ ಹತ್ತನೇ ಒಂದು ಭಾಗದಷ್ಟು ಚಿಕ್ಕ ವಿವರಗಳು ಬೆಳಕಿನಲ್ಲೇ ಕಂಡಿದ್ದವು. 2014ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಬೆಟ್ಜಿಗ್ ಅವರು ಸ್ಟೆಫಾನ್ ಹೆಲ್ ಮತ್ತು ವಿಲಿಯಂ ಮೋರ್ನರ್ ಜೊತೆ ಹಂಚಿಕೊಂಡರು.

ಇನ್ನು ನಿಮ್ಮ ಸರದಿ

ಶಾಲೆಯಲ್ಲಾಗಲಿ ಮನೆಯಲ್ಲಾಗಲಿ ಸೂಕ್ಷ್ಮದರ್ಶಕ ಸಿಕ್ಕರೆ ಈ ಎರಡು ಕೆಲಸ ಮಾಡಿ ನೋಡಿ.

ಮೊದಲನೆಯದು: 'ಇ' ಅಕ್ಷರದ ಬದಲು ಕನ್ನಡ ಪತ್ರಿಕೆಯ ಒಂದು ಅಕ್ಷರ ಇಡಿ. ಸೊನ್ನೆ ಇಟ್ಟರೆ ತಿರುಗಿದ್ದೇ ತಿಳಿಯದು. 'ಕ', 'ತ', 'ಲ' ಯಾವುದು ಒಳ್ಳೆಯದು, ಯಾಕೆ ಎಂದು ಮೊದಲೇ ಊಹಿಸಿ ಬರೆದಿಡಿ, ಆಮೇಲೆ ನೋಡಿ.

ಎರಡನೆಯದು: ಈರುಳ್ಳಿಯ ಒಳಪದರದ ತೆಳು ಸಿಪ್ಪೆಯನ್ನು ಒಂದು ಹನಿ ನೀರಿನಲ್ಲಿಟ್ಟು 100 ಪಟ್ಟಿನಲ್ಲಿ ನೋಡಿ. ಈರುಳ್ಳಿ ಹೆಚ್ಚುವಾಗ ಅಪ್ಪ-ಅಮ್ಮ ಜೊತೆಗಿರಲಿ. ಮೊದಲು ಪಾರದರ್ಶಕ ಸ್ಕೇಲನ್ನು ಇಟ್ಟು, ಕಾಣುವ ವೃತ್ತದ ಅಗಲ ಎಷ್ಟು ಮಿಲಿಮೀಟರ್ ಎಂದು ಅಳೆಯಿರಿ. ಅದು ಹಲವು ಉಪಕರಣಗಳಲ್ಲಿ 1.8ರ ಹತ್ತಿರ ಇರುತ್ತದೆ. ಆ ಅಗಲದಲ್ಲಿ ಎಷ್ಟು ಕೋಶಗಳು ಉದ್ದುದ್ದ ಸಾಲಿನಲ್ಲಿವೆ ಎಂದು ಎಣಿಸಿ ಭಾಗಿಸಿ. ಆರು ಕೋಶಗಳಿದ್ದರೆ 1.8 ÷ 6 = 0.3 ಮಿಲಿಮೀಟರ್. ಇದು ಹುಕ್ 1665ರಲ್ಲಿ ಮಾಡಿದ ಲೆಕ್ಕದ ದಾರಿಯೇ.

ಚಿತ್ರ ಬರೆದ ಮೇಲೆ ಪಕ್ಕದಲ್ಲಿ ದಿನಾಂಕ, ಎಷ್ಟು ಪಟ್ಟು, ಏನನ್ನು ನೋಡಿದಿರಿ ಎಂದು ಎರಡು ಸಾಲು ಕನ್ನಡದಲ್ಲಿ ಬರೆಯಿರಿ. ಲೇವೆನ್‌ಹುಕ್ ತಮ್ಮ ಮನೆಮಾತಿನಲ್ಲಿ ಬರೆದಿದ್ದು ಸಾಲಲಿಲ್ಲ ಎಂದು ಯಾರೂ ಹೇಳಲಿಲ್ಲ. ನಿಮ್ಮ ತಮ್ಮನೋ ತಂಗಿಯೋ ಮುಂದೊಂದು ದಿನ ಅದೇ ಈರುಳ್ಳಿಯನ್ನು ನೋಡಿ, "ಅಕ್ಕ ಬರೆದದ್ದು ಸರಿಯಿದೆ" ಎನ್ನಬಹುದು, ಅಥವಾ "ಇಲ್ಲಿ ಇನ್ನೊಂದು ಕಾಣುತ್ತಿದೆ" ಎನ್ನಬಹುದು. ಎರಡಕ್ಕೂ ನಿಮ್ಮ ಪುಟ ಬೇಕಾಗುತ್ತದೆ.